ಚಿಪ್ಪಿನೊಳಗಿನ ಗೀರು

ಬೆಳಿಗ್ಗೆ ಒಲೆ ಸಾರಿಸಿ, ಹಾಲು ಕಾಯಲಿಟ್ಟು, ಎಂದಿನಂತೆ ಬೇಳೆ ತೂಗಿಕೊಳ್ಳುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ ಅಭ್ಯಾಸ. "ಬೇಳೆಯೇನು ಬಂಗಾರವೇ?" ಎಂದು ದುರ್ಗದ ನಮ್ಮ ಬೀದಿಯವರಿಗೆಲ್ಲ ನಗು. ಅಷ್ಟರಲ್ಲಿ ಪಕ್ಕದ ಮನೆಯ ಈರಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಚೂರು ಬೆಲ್ಲ ಕೇಳಲು ಬಂದಳು. ಕೂಸಿನ ತಾಯಿ ಪ್ಲೇಗಿನಲ್ಲಿ ಹೋಗಿ ಇನ್ನೂ ತಿಂಗಳಾಗಿರಲಿಲ್ಲ.

"ಮೊದ್ಲು ಭಾಳ ಅಳ್ತಿತ್ತು ಕಣವ್ವ. ಈಗ ಸುಮ್ನಾಗೈತೆ, ಹೊಟ್ಟೆ ತುಂಬ್ತೈತೆ," ಎಂದಳು. ಕೂಸಿನ ಮಣಿಕಟ್ಟಿಗೆ ಕಟ್ಟಿದ್ದ ಕರಿಮಣಿ ಮೊಣಕೈವರೆಗೂ ಜಾರುತ್ತಿತ್ತು.

ಎಷ್ಟು ಕುಡಿಸುತ್ತೀ ಅಜ್ಜಿ, ಎಂದು ಕೇಳಿದೆ. ದಿನಕ್ಕೆ ಐದು ತೊಲ ರಾಗಿಹಿಟ್ಟಿನ ಗಂಜಿ ಎಂದು ಡಾಕ್ಟರು ಹೇಳಿದ್ದರಂತೆ. ಅವಳು ಅಂಗಡಿಯಲ್ಲಿ ಅಷ್ಟು ತೂಕದ ರಾಗಿಕಾಳನ್ನು ತೆಂಗಿನ ಚಿಪ್ಪಿಗೆ ಸುರಿಸಿ, ಬಂದ ಮಟ್ಟಕ್ಕೆ ಒಳಗೆ ಗೀರು ಹಾಕಿಕೊಂಡಿದ್ದಳು. ದಿನವೂ ಆ ಗೀರಿನವರೆಗೆ ತುಂಬುತ್ತಿದ್ದುದು ಮಾತ್ರ ರಾಗಿಯನ್ನು ಹುರಿದು ಅರಳಿಸಿ ಬೀಸಿದ ಹಿಟ್ಟು. ಕೂಸಿಗೆ ಹಗುರವಾಗಲಿ ಎಂದು.

ಅವಳ ಹಿಟ್ಟಿನ ಡಬ್ಬಿಯನ್ನೂ ಚಿಪ್ಪನ್ನೂ ತರಿಸಿದೆ. ತಕ್ಕಡಿಯ ಒಂದು ತಟ್ಟೆಗೆ ಗೀರಿನಷ್ಟು ಕಾಳು, ಇನ್ನೊಂದಕ್ಕೆ ಗೀರಿನಷ್ಟು ಹಿಟ್ಟು ಹಾಕಿದೆ. ಹಿಟ್ಟಿನ ತಟ್ಟೆ ಮೇಲೆದ್ದು ನಿಂತಿತು. ಗೀರಿನವರೆಗೆ ತುಂಬಿ ಮತ್ತೆರಡು ಚಿಪ್ಪು ಹಿಟ್ಟು ಸುರಿದ ಮೇಲೆ ಸಮಕ್ಕೆ ಬಂತು. ಅಜ್ಜಿ ತಕ್ಕಡಿಯನ್ನು ನೋಡುತ್ತಿರಲಿಲ್ಲ, ಕೂಸನ್ನು ನೋಡುತ್ತಿದ್ದಳು.

ಅಲ್ಲೇ ಗಂಜಿ ಕಾಯಿಸಿದೆವು. ಕೂಸಿಗೆ ನುಂಗುವ ತ್ರಾಣವಿರಲಿಲ್ಲ. ಹಾಕಿದ್ದು ಕಟವಾಯಿಂದ ಹೊರಕ್ಕೆ ಹರಿಯಿತು.

ಸಂಜೆ ಎದುರುಮನೆ ಸಿದ್ದಮ್ಮ ಜಗಲಿಯಲ್ಲಿ ಬತ್ತಿ ಹೊಸೆಯುತ್ತ ಅಂದರು: "ಈರಜ್ಜಿ ಮೊಮ್ಮಗಳು ಎಷ್ಟು ಒಳ್ಳೇ ಕೂಸು ನೋಡ್ರಿ. ಇವತ್ತೂ ಒಂದ್ಸಲಾನೂ ಅಳಲಿಲ್ಲ."