ಹೊಸಿಲಾಚೆ ಉಳಿದ ಚಪ್ಪಲಿ

ಕಳೆದ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸತ್ಯನಾರಾಯಣಪೇಟೆಯ ಹೊಸ ಮನೆ. ಹಾಜರಿದ್ದವರು: ಮಂಚದ ಮೇಲೆ ವೀರಭದ್ರಪ್ಪಜ್ಜ, ಪಕ್ಕದಲ್ಲಿ ಅದಿರು ಲಾರಿಗಳ ಮಾಲೀಕನಾದ ಮಗ ಶಿವರಾಜ, ಡ್ರೆಸ್ಸಿಂಗ್ ಟ್ರೇ ಹಿಡಿದ ನಾನು, ನನ್ನ ಜೊತೆ ಶಬಾನಾ.

ಅಜ್ಜ ಕುರುಗೋಡು ಹತ್ತಿರದ ಬಾದನಹಟ್ಟಿಯವರು. ಸಕ್ಕರೆ ಕಾಯಿಲೆ, ಅಂಗಾಲಿನಲ್ಲಿ ಹುಣ್ಣು. ಹದಿನೈದು ದಿನದಲ್ಲಿ ಮಾಯದಿದ್ದರೆ ಪಾದ ತೆಗೆಯಬೇಕೆಂದು ಡಾಕ್ಟರು ಹೇಳಿದ್ದಾರೆ. (ನರ್ಸ್ ಕೆಲಸದಿಂದ ನಿವೃತ್ತಳಾದರೂ ದಿನಾ ಡ್ರೆಸ್ಸಿಂಗ್ ಮಾಡುವುದು ನಾನೇ. ಏಳು ಎಂದರೆ ಏಳು.)

ಶಬಾನಾ ಸಿರುಗುಪ್ಪದ ದರ್ಜಿಯ ಮಗಳು. ಪಿಯುಸಿ ಓದುವಾಗ ಎರಡು ವರ್ಷ ನಮ್ಮ ಮನೆಯಲ್ಲಿದ್ದಳು, ರಜೆಗೆ ಈಗಲೂ ಬರುತ್ತಾಳೆ. ಈಗ ಎಕ್ಸೋಸೋಮ್ ಮೇಲೆ ಸಂಶೋಧನೆ. ಜೀವಕೋಶಗಳು ಹೊರಬಿಡುವ ಅತಿ ಸಣ್ಣ ಚೀಲಗಳವು. ಒಂದು ಕೋಶ ಇನ್ನೊಂದಕ್ಕೆ ಕಳಿಸುವ ಬುತ್ತಿ ಎನ್ನಿ. ಅದರಿಂದ ಗಾಯ ಬೇಗ ಮಾಯುತ್ತದೆಯೇ ಎಂದು ಇವಳ ಲ್ಯಾಬಿನಲ್ಲಿ ನೋಡುತ್ತಿದ್ದಾರೆ.

ಶನಿವಾರ ಇದನ್ನೆಲ್ಲ ಶಿವರಾಜನೆದುರು ಕೊಚ್ಚಿಕೊಂಡವಳು ನಾನೇ. ಭಾನುವಾರದ ಹೊತ್ತಿಗೆ ಬಾಗಿಲಲ್ಲಿ ಕಾರು, ಕಾರಿನಲ್ಲಿ ಐಸ್ ಡಬ್ಬಿ! ಅದಿರಿನ ದುಡ್ಡು ಬಂದ ಮೇಲೆ, ಬೇಕೆಂದರೆ ಹೆಲಿಕಾಪ್ಟರ್ ಇಳಿಯುವ ಊರು ಈಗ ನಮ್ಮದು. ಕಾಯುವುದು ಯಾರಿಗೆ ಗೊತ್ತು?

“ತಂಗೀ, ಲ್ಯಾಬಿಗೆ ಒಂದು ಫೋನ್ ಮಾಡವ್ವ. ಡ್ರೈವರ್ ಹೋಗಿ ಆ ಔಷಧ ತರ್ತಾನ,” ಅಂದ ಶಿವರಾಜ.

“ಅದು ಇನ್ನೂ ಔಷಧ ಅಲ್ಲಣ್ಣ. ಇಲಿ ಮ್ಯಾಗ ನೋಡಾಕತ್ತೀವಿ.”

“ಇಲಿಗೆ ಆದ್ರ ನಮ್ಮಪ್ಪಗ ಯಾಕ ಆಗಂಗಿಲ್ಲ?”

ಮಂಚದಿಂದ ಅಜ್ಜ ಗುಡುಗಿದರು. “ಲೇ ಶಿವ್ಯಾ, ಅಪ್ಪನ್ನ ಇಲಿ ಮಾಡ್ತೀಯೇನಲೇ?”

ಶಿವರಾಜ ಬಿಡಲಿಲ್ಲ. “ನಿಮ್ಮ ಲ್ಯಾಬಿಗೆ ಹೊಸಾ ಮಷೀನ್ ಕೊಡಿಸ್ತೀನಿ.”

“ಮಷೀನ್ ಬಂದ್ರ ಇಲಿ ಮನ್ಷ್ಯಾ ಆಗಂಗಿಲ್ಲಣ್ಣ. ನಮ್ದು ಇನ್ನೂ ಪರೀಕ್ಷಾ ಪಾಸಾಗಿಲ್ಲ. ಪಾಸಾಗದ್ದನ್ನ ಅಜ್ಜಾರಿಗೆ ಹಾಕಾಕ ನಾ ಒಪ್ಪಂಗಿಲ್ಲ.”

ಅವನ ಮುಖ ಕೆಂಪಾಯಿತು. ನನ್ನ ಎದೆ ಉಬ್ಬಿತು.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಬಗ್ಗಿ ಬ್ಯಾಂಡೇಜಿನ ತಳ ನೋಡಿದಳು. ಸವೆದು ಕೊಳೆಯಾಗಿತ್ತು.

“ಅಜ್ಜಾ, ಡಾಕ್ಟ್ರು ಚಪ್ಲಿ ಕೊಟ್ಟಿಲ್ಲೇನ್ರಿ?”

“ಕೊಟ್ಟಾರವ್ವ. ಹೊರಗ ಅದಾವ.”

ಇದ್ದವು. ಹುಣ್ಣಿನ ಮೇಲೆ ಭಾರ ಬೀಳದಂತೆ ಮಾಡಿಸಿದ ಮೆತ್ತನೆಯ ಅಟ್ಟೆಯ ಚಪ್ಪಲಿ, ಅಂಗಡಿಯಿಂದ ಈಗಷ್ಟೇ ತಂದಂತೆ ಹೊಳೆಯುತ್ತಿದ್ದವು. ನಮ್ಮಲ್ಲಿ ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಯಾರು ಓಡಾಡುತ್ತಾರೆ? ಹೊರಗೇ ಹೋಗದ ಅಜ್ಜ ದಿನವಿಡೀ ಮಾರ್ಬಲ್ ಮೇಲೆ ಬರಿಗಾಲಲ್ಲಿ ನಡೆದು ಹುಣ್ಣನ್ನು ಒತ್ತುತ್ತಿದ್ದರು. ನಾನೂ ದಿನಾ ಆ ಜೋಡಿಯ ಪಕ್ಕವೇ ನನ್ನ ಚಪ್ಪಲಿ ಬಿಟ್ಟು ಒಳಬಂದಿದ್ದೇನೆ. ಮೂವತ್ತು ವರ್ಷದ ಸರ್ವೀಸು ಏನು ಮಾಡುತ್ತಿತ್ತು?

ಶಬಾನಾ ಅವನ್ನು ಡೆಟಾಲ್ ಹಾಕಿ ತೊಳೆದು ಒರೆಸಿದಳು. ಹೊಸಿಲ ಹೊರಗೆ ನಿಂತು ಕೇಳಿದಳು. “ಒಳಗ ತರ್ಲೇನ್ರಿ?”

ಶಿವರಾಜ ದೇವರ ಕೋಣೆಯತ್ತ ನೋಡಿದ.

ಅಜ್ಜ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡರು. “ದೇವ್ರು ನನ್ನ ಹತ್ರನೇ ಅದಾನ. ಕುಂತಲ್ಲೇ ಪೂಜಿ ಮಾಡ್ತೀನಿ. ತಾರವ್ವ.”

ಡ್ರೆಸ್ಸಿಂಗ್ ಮುಗಿಸಿದೆ. ಚಪ್ಪಲಿಯ ಪಟ್ಟಿ ಬಿಗಿದವಳು ಅವಳು. ಅಜ್ಜ ಎದ್ದು ಅಡುಗೆಮನೆವರೆಗೆ ನಡೆದು ಬಂದರು. ಹುಣ್ಣು ಮಾಯುತ್ತದೋ ಇಲ್ಲವೋ ಡಾಕ್ಟರೇ ಹೇಳಬೇಕು. ಎಂಟು ಗಂಟೆಗೆ ಟ್ರೇ ತೊಳೆದಿಟ್ಟೆ. ಅಂದಿನ ಕೆಲಸ ಮುಗಿಯಿತು.

ಕೈಯಲ್ಲಿರುವ ವಿದ್ಯೆ ಇನ್ನೂ ಹಣ್ಣಾಗಿಲ್ಲ ಎಂದು ಬಾಯಿಬಿಟ್ಟು ಹೇಳುವವರು ಈ ಊರಲ್ಲಿ ಇನ್ನೆಷ್ಟು ಮಂದಿ ಇದ್ದಾರೆ, ಹೇಳಿ?