ಹನ್ನೊಂದು ಬಾಯಿಗಳ ಬುತ್ತಿ

ಜನ ಹೆಚ್ಚಾದರು, ಅದಕ್ಕೇ ಹಸಿವು ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಓದಿದವರು ಅಂದರೆ ಇನ್ನೂ ಹೆಚ್ಚು. ಆ ಮಾತನ್ನು ನಾನು ಮೊದಲು ಕೇಳಿದ್ದು ದೊಡ್ಡ ಯುದ್ಧದ ಕಾಲದಲ್ಲಿ, ಕಾಳು ಸಾಗಿಸದಂತೆ ಕೊಪ್ಪಳದ ದಾರಿಗೆ ಹಾಕಿದ್ದ ಒಂದು ನಾಕಾದಲ್ಲಿ. ಅಂದವನು ಜಪ್ತಿ ಮಾಡಿದ ಜೋಳದ ರಾಶಿಯ ಪಕ್ಕ ಕೂತಿದ್ದ ಕಾರಕೂನ.

ನಮ್ಮದು ಯಲಬುರ್ಗಾ ಕಡೆಯ ಹಳ್ಳಿ. ನೇಕಾರರೇ ಆದರೂ ಅಪ್ಪ ಮಗ್ಗ ಬಿಟ್ಟು ಹೊಲ ಹಿಡಿದಿದ್ದ. ನನ್ನನ್ನು ಊರಲ್ಲೇ ಕೊಟ್ಟಿದ್ದರು, ಅಕ್ಕನನ್ನು ಕೊಪ್ಪಳದ ಈಚೆಯ ಒಂದು ಹಳ್ಳಿಗೆ. ಯುದ್ಧ ಬಂದು ನೂಲು ನಿಂತಿತು, ಭಾವನ ಮಗ್ಗವೂ ನಿಂತಿತು. ಅಂಥದರಲ್ಲಿ ಅಕ್ಕ ಮೂರನೆಯದನ್ನು ಹೆತ್ತಳು. ಹತ್ತು ದಿನಕ್ಕೆ ಸುದ್ದಿ ಬಂತು: ಹೊಟ್ಟೆಗಿಲ್ಲದೆ ಎದೆಹಾಲು ಬತ್ತಿದೆ, ಕೂಸು ಅಳುವುದನ್ನೂ ಬಿಟ್ಟಿದೆ. ನಮ್ಮ ಹಗೇವಿನಲ್ಲಿ, ನೆಲದೊಳಗೆ, ಜೋಳ ಸುಮ್ಮನೆ ಮಲಗಿತ್ತು. ಅವ್ವ ಹಳೆ ಸೀರೆಯಲ್ಲಿ ಜೋಳದ ಒಂದು ಗಂಟು ಕಟ್ಟಿ ನನ್ನ ತಲೆಗೇರಿಸಿದಳು, ತಾನೂ ಜೊತೆಗೆ ಹೊರಟಳು.

ನಾಕಾದಲ್ಲಿ ಕಾರಕೂನ ಗಂಟು ಇಳಿಸಿದ.

"ಮಗಳು ಬಾಣಂತಿ ಅದಾಳ್ರಿ," ಅಂದಳು ಅವ್ವ.

"ಎಷ್ಟನೇದು?"

"ಮೂರನೇದ್ರಿ."

"ಹಿಂಗ ಹಡಕೋತ ಹೋದ್ರ ಜ್ವಾಳ ಎಲ್ಲಿ ಸಾಲತೈತಿ? ಮಂದಿ ಭಾಳ ಆಗ್ಯಾರ, ಅದಕ್ಕ ಉಪಾಸ. ಕಾಳು ದಾಟಂಗಿಲ್ಲ. ದಾರಿ ಬುತ್ತಿ ಇದ್ರ ಒಯ್ಯಿರಿ, ಒಬ್ಬರಿಗೆ ನಾಕು ರೊಟ್ಟಿ."

ನಮ್ಮ ಗಂಟನ್ನು ಬಯಲಲ್ಲಿದ್ದ ರಾಶಿಯ ಮೇಲೆ ಎಸೆದ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಅನ್ನುತ್ತಾರೆ. ನಿಜ, ದೇವರು ಜೋಳ ಬೆಳೆಸಿದ್ದ. ಹುಲ್ಲು ಮೇಯಿಸಲು ಹೊರಟವನು ಈ ಕಾರಕೂನ.

ಅವ್ವ ಅಲ್ಲಿಂದಲೇ ಹಿಂದಿರುಗಿದಳು. ಊರು ಮುಟ್ಟಿದವಳೇ ಓಣಿಯ ಮನೆಮನೆಗೆ ಹೋದಳು. ನಮ್ಮಲ್ಲಿ ಕಳೆ ತೆಗೆಯಲು ಮುಯ್ಯಾಳು ಕರೆಯುತ್ತಾರೆ. ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ. ಈ ಸಲ ಅವಳಿಗೆ ಬೇಕಾದದ್ದು ಕೈಯಲ್ಲ.

"ಒಂದಿನ ನಿನ್ನ ಬಾಯಿ ಮುಯ್ಯಿ ಕೊಡವಾ," ಎಂದು ಕೇಳಿದಳು.

ಮೊದಲು ನಕ್ಕರು. ಆಮೇಲೆ ಒಬ್ಬರೂ ಇಲ್ಲ ಅನ್ನಲಿಲ್ಲ. ಎರಡು ದಿನ ಮಳೆ ಹಿಡಿದಿತ್ತು. ನಾನು, ಅವ್ವ ಒಲೆ ಮುಂದಿನಿಂದ ಏಳದೆ ರೊಟ್ಟಿ ಬಡಿದೆವು, ತಿಂಗಳಾದರೂ ಕೆಡದ ಹಾಗೆ ಖಡಕ್ಕಾಗಿ ಸುಟ್ಟೆವು. ಮೂರನೆಯ ದಿನ ನಸುಕಿನಲ್ಲಿ ಹನ್ನೊಂದು ಹೆಂಗಸರು ಹೊರಟೆವು, ಒಬ್ಬೊಬ್ಬರ ಬಟ್ಟೆಯಲ್ಲಿ ನಾಲ್ಕು ನಾಲ್ಕು ರೊಟ್ಟಿ.

"ಇದೇನು ದಂಡು?" ಅಂದ ಕಾರಕೂನ.

"ಬಾಣಂತಿ ನೋಡಾಕ ಹೊಂಟೀವ್ರಿ."

ಒಂದೊಂದೇ ಗಂಟು ಬಿಚ್ಚಿ ಎಣಿಸಿದ. ಬಗಲಲ್ಲಿ ಕೂಸಿದ್ದ ನೆರೆಮನೆಯವಳು ಎಂಟು ತಂದಿದ್ದಳು.

"ಇದೂ ಒಂದು ಬಾಯಿರಿ," ಎಂದು ಕೂಸನ್ನು ತೋರಿಸಿದಳು.

"ಅದಕ್ಕ ಹಲ್ಲು ಎಲ್ಲಿ ಅದಾವು?"

"ಬರತಾವ್ರಿ, ನೀವು ಬದುಕಗೊಟ್ರ."

ನಾಲ್ಕನ್ನು ತೆಗೆದಿಟ್ಟುಕೊಂಡ. ನನ್ನ ಕಣ್ಣು ಅವನ ಹಿಂದಿನ ರಾಶಿಯ ಮೇಲಿತ್ತು. ಅದರ ಮೇಲೆ ಒಂದು ಗೋಣಿಚೀಲವನ್ನೂ ಹೊದಿಸಿರಲಿಲ್ಲ. ಜೋಳ ನೆನೆದು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಅವ್ವನ ಸೀರೆಯ ಗಂಟು ಹಾಗೇ ಬಿದ್ದಿತ್ತು, ಬಟ್ಟೆ ತೂರಿ ಬಿಳಿ ಮೊಳಕೆ ಹೊರಬಂದಿತ್ತು. ಅವನ ಕೊರಳಪಟ್ಟಿ ಹಿಡಿದು ಆ ರಾಶಿಯಲ್ಲಿ ಮುಖ ತಿಕ್ಕಬೇಕು ಅನ್ನಿಸಿತು. ಅವ್ವ ನನ್ನ ರಟ್ಟೆ ಹಿಡಿದು ಮುಂದೆ ನಡೆಸಿದಳು.

ಅಕ್ಕನ ಮನೆಯಲ್ಲಿ ಹನ್ನೊಂದೂ ಗಂಟು ಅವಳ ಬುಟ್ಟಿಗೆ ಸುರಿದೆವು. ನೀವು ಉಂಡಿರೇನು ಎಂದಳು. ದಾರಿಯಲ್ಲಿ ಉಂಡೆವು ಎಂದೆವು, ಹನ್ನೊಂದು ಬಾಯಿಂದ ಒಂದೇ ಸುಳ್ಳು. ಅವಳು ರೊಟ್ಟಿ ಮುರಿದು ಬಿಸಿನೀರಲ್ಲಿ ನೆನೆಸಿಕೊಂಡು ತಿನ್ನುವುದನ್ನು ನೋಡುತ್ತ ಕೂತೆವು. ಆಮೇಲೂ ಎರಡು ಸಲ ಹೀಗೇ ಹೋದೆವು. ಕೂಸು ಉಳಿಯಿತು. ಈಗ ಅದಕ್ಕೂ ಮೊಮ್ಮಕ್ಕಳಿದ್ದಾರೆ.

ಆ ದಿನ ವಾಪಸು ಬರುವಾಗ ಕಾರಕೂನ ನಮ್ಮ ಬರಿಗೈ ನೋಡಿದ.

"ಅಷ್ಟೂ ರೊಟ್ಟಿ ತಿಂದ್ರೇನು?"

"ತಿಂದ್ವಿರಿ," ಅಂದಳು ಅವ್ವ. "ಮಂದಿ ಭಾಳ ಅದೀವಿ, ನೋಡ್ರಿ."

ಬೆಳಗಿನಿಂದ ನಮ್ಮ ಹನ್ನೊಂದೂ ಜನರ ಹೊಟ್ಟೆಗೆ ಬಿದ್ದಿದ್ದು ಹಳ್ಳದ ನೀರು ಮಾತ್ರ.