ಬಾಜೂದಾಗ ಕುಂತು ಹೇಳ್ರಿ

ಆಯಿ ಹೊಸೆದ ಎಳೆಯ ತುದಿ ಎಡಕ್ಕೆ ಮಲಗುತ್ತದೆ, ಅವ್ವ ಹೊಸೆದದ್ದು ಬಲಕ್ಕೆ. ನೋಡುವವರಿಗೆ ಎರಡೂ ಒಂದೇ. ಬೆರಳು ಆಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರ ಮನೆಯ ಹಾಸು ಮುಗಿದರೂ ಆಯಿಗೆ ಕರೆ ಬರುತ್ತಿತ್ತು.

ಕಳೆದ ವರ್ಷ ಆಕೆ ಮಾತು ಕಡಿಮೆ ಮಾಡಿದಳು. ಉಂಡದ್ದನ್ನು ಮರೆತಳು, ಆಮೇಲೆ ಉಣ್ಣುವುದೇ ಬೇಡವೆಂದಳು. ಜಮಖಂಡಿಯ ಡಾಕ್ಟರು ಮನಸ್ಸು ಕುಗ್ಗಿದೆ, ಮರೆವೂ ಶುರುವಾಗಿದೆ ಎಂದರು. ಮನಸ್ಸಿಗೆ ಗುಳಿಗೆ ಕೊಟ್ಟು, ಕೈಲಾಗುವ ಕೆಲಸ ಬಿಡಿಸಬೇಡಿ ಎಂದು ಹೇಳಿ ಕಳಿಸಿದರು.

ನಾವು ಬಿಡಿಸಲಿಲ್ಲ. ಆದರೆ ಆಯಿ ಸೀರೆ ದಡಿಯ ಕೆಂಪು ಎಳೆಗೆ ಹಸಿರು ಸೇರಿಸತೊಡಗಿದ್ದಳು. ಅತ್ತೆಗೆ ತಪ್ಪು ತೋರಿಸಲು ಅವ್ವನಿಗೆ ಬಾಯಿ ಬರಲಿಲ್ಲ. ಮಧ್ಯಾಹ್ನ ಆಯಿ ಮಲಗಿದಾಗ ಬಿಚ್ಚಿ, ತಾನೇ ಕೆಚ್ಚಿಡುತ್ತಿದ್ದಳು. ನಾನು ನೋಡಿಯೂ ಸುಮ್ಮನಿದ್ದೆ. ನಮ್ಮ ಮನೆಯಲ್ಲಿ ಅದು ಮರ್ಯಾದೆ.

ಒಂದು ಸಂಜೆ ಆಯಿ ಹಾಸಿನ ಮೇಲೆ ಬೆರಳು ಆಡಿಸಿದಳು. ಬಲಕ್ಕೆ ಮಲಗಿದ ತುದಿಗಳ ಮೇಲೆ ಬೆರಳು ನಿಂತಿತು. ಮರುದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದಳು. ಇನ್ನು ಏಳುವುದಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು.

ವಾರವಾದ ಮೇಲೆ ಆಯಿಯ ಗೆಳತಿ, ಎದುರು ಮನೆಯವಳು, ಬಂದು ಬಾಗಿಲಲ್ಲೇ ನಿಂತಳು.

"ಏನಬೇ, ನನ್ನ ಹಾಸು ಮುಗದೈತಿ. ಕರ್ಯಾಕ ಬಂದ್ರ ಮಾರಿ ತಿರುವಿ ಮಲಗೀದಿ. ಭಾಳ ಬಿಂಕ ಬಂತೇನ ನಿನಗ?"

"ನಮ್ಮ ಅತ್ತಿಯವ್ರಿಗೆ ಜರಾ ನೆಗಡಿರಿ," ಎಂದಳು ಅವ್ವ.

ಆಯಿ ಎದ್ದು ಕುಳಿತಳು. "ನೆಗಡಿ ಅಲ್ಲ, ಬಿಂಕನೂ ಅಲ್ಲ. ಮರವು ಹತ್ತೈತಿ ನನಗ. ಮನಸಿಗೂ ಜಡ್ಡ ಐತಂತ, ಗುಳಗಿ ತೊಗೊಳಾಕತ್ತೇನಿ. ಕೆಂಪಿಗೆ ಹಸರ ಹಚ್ಚಿದ್ದೆ, ಪಾಪ ನಮ್ಮ ಸೊಸಿ ಕದ್ದು ಬಿಚ್ಚ್ಯಾಳ."

ಗೆಳತಿ ಒಳಗೆ ಬಂದು ಆಯಿಯ ಹತ್ತಿರ ಕುಳಿತು, "ಮತ್ತ ನನ್ನ ಹಾಸು?" ಎಂದಳು.

"ಕೆಚ್ಚತೇನಿ. ಯಾರರೆ ಬಾಜೂದಾಗ ಕುಂತು, ತಪ್ಪಿದ್ರ ಅಲ್ಲೇ ಬಾಯಿಬಿಟ್ಟು ಹೇಳ್ರಿ. ಹಿಂದಿಂದ ಬಿಚ್ಚಬ್ಯಾಡ್ರಿ."

"ನಿನ್ನ ತಪ್ಪ ನಾ ಹೇಳಿದ್ರ ಜಗಳಾ ತಗೀತಿ."

"ತಗೀತೇನಿ. ಆದ್ರೂ ಹೇಳ."

ಮನಸ್ಸಿನ ಜಡ್ಡು ಎಂಬ ಮಾತನ್ನು ನಮ್ಮ ಓಣಿಯಲ್ಲಿ ಯಾರೂ ತಮ್ಮ ಬಗ್ಗೆ ಹೇಳಿಕೊಂಡಿದ್ದನ್ನು ನಾನು ಕೇಳಿರಲಿಲ್ಲ. ಅವ್ವ ತಲೆ ತಗ್ಗಿಸಿದ್ದಳು. ನಾನು ಆಯಿಯನ್ನೇ ನೋಡುತ್ತಿದ್ದೆ. ಇವಳ ಮೊಮ್ಮಗಳು ನಾನು ಎಂದು ಆ ಹೊತ್ತು ಯಾರಿಗಾದರೂ ಹೇಳಬೇಕೆನಿಸಿತು.

ಮರುದಿನ ಬೆಳಿಗ್ಗೆ ಎದುರು ಮನೆಯ ಮಗ್ಗದ ಮುಂದೆ ಆಯಿಯ ಪಕ್ಕ ಕುಳಿತೆ. ಆ ಮನೆಯವರೆಲ್ಲ ಅಲ್ಲೇ ಚಹಾ ಕುಡಿಯುತ್ತಿದ್ದರು. ಆಯಿಯ ಕೈ ತಪ್ಪು ಎಳೆಗೆ ಹೋದಾಗ, ಎಲ್ಲರಿಗೂ ಕೇಳುವಂತೆ, "ಆಯಿ, ಅದು ಹಸರ," ಎಂದೆ.